ರಾಜಾಸೀಟ್‌ನಲ್ಲಿ ಸೂರ್ಯಾಸ್ತ, ಗಾಂಧಿ ಮೈದಾನದಲ್ಲಿ ಹಾಡು: ಮಡಿಕೇರಿ ದಸರೆಯ ಒಂದು ಸಂಜೆ

ಮಡಿಕೇರಿ ದಸರೆಯ ಸಾಂಸ್ಕೃತಿಕ ಕಾರ್ಯಕ್ರಮ ನಡೆಯುವುದು ಗಾಂಧಿ ಮೈದಾನದಲ್ಲಿ. ರಾಜಾಸೀಟ್ ಉದ್ಯಾನ ಅಲ್ಲಿಂದ ಕೂಗಳತೆ ದೂರ. ಹಾಗಾಗಿ ಸೂರ್ಯಾಸ್ತ, ಹಾಡು ಎರಡನ್ನೂ ಒಂದೇ ಸಂಜೆಗೆ ಹೊಂದಿಸಿಕೊಳ್ಳಬಹುದು. ಇದು ಕೆಡುವುದು ಹೆಚ್ಚಾಗಿ ವಾಹನದಿಂದ. ಐದೂವರೆಗೆ ಕಾರಿನಲ್ಲೇ ಉದ್ಯಾನದ ಗೇಟಿನವರೆಗೆ ಹೋಗುತ್ತೇವೆಂದು ಹೊರಟವರು ಏರುರಸ್ತೆಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ, ಸೂರ್ಯ ಅವರಿಗಾಗಿ ಕಾಯುವುದಿಲ್ಲ. ನಾಲ್ಕೂವರೆಯೊಳಗೆ ಊರು ಸೇರಿ, ವಾಹನವನ್ನು ತಂಗುವ ಜಾಗದಲ್ಲೇ ಬಿಟ್ಟು ನಡೆದು ಹತ್ತಿ. ಬಸ್ ನಿಲ್ದಾಣದಿಂದ ಸುಮಾರು ಒಂದು ಕಿಲೋಮೀಟರ್ ಅಷ್ಟೆ. ಹಿರಿಯರಿದ್ದರೆ ಆಟೋ ಹಿಡಿಯಿರಿ.

ಕೊಡಗಿಗೆ ರೈಲು ಇಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಸುಮಾರು 120 ಕಿಲೋಮೀಟರ್. ದಸರಾ ರಜೆಯಲ್ಲಿ ಕೋಣೆ ಸಿಗುವುದು ಕಷ್ಟ, ತಿಂಗಳು ಮೊದಲೇ ಕಾಯ್ದಿರಿಸಿ. ಅದೇ ರಾತ್ರಿ ಹಿಂತಿರುಗುವುದಾದರೆ ಕೊನೆಯ ಬಸ್ಸಿನ ಸಮಯವನ್ನು ಬಂದಿಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಹಾಡು ಮುಗಿದ ಮೇಲೆ ಕೇಳಿದರೆ ತಡವಾಗಿರುತ್ತದೆ.

ರಾಜಾಸೀಟ್‌ನಲ್ಲಿ ಹೆಚ್ಚಿನವರು ಹೂವಿನ ಪಾತಿ ನೋಡುತ್ತಲೇ ಹೊತ್ತು ಕಳೆಯುತ್ತಾರೆ. ನೀವು ಮೊದಲು ಮಂಟಪದ ಕಡೆ ಹೋಗಿ. ಇಟ್ಟಿಗೆ, ಗಾರೆಯ ನಾಲ್ಕು ಕಂಬ, ಮೇಲೆ ಕಮಾನು, ಇಷ್ಟೇ. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಇಲ್ಲಿ ಆಳಿದ ಹಾಲೇರಿ ಅರಸರು ಸಂಜೆ ಕಳೆಯುತ್ತಿದ್ದ ಜಾಗ ಇದೆನ್ನುತ್ತಾರೆ, ಅದರಿಂದಲೇ ಈ ಹೆಸರು. ಮಂಟಪದೊಳಗೆ ನೂಕುನುಗ್ಗಲು ಬೇಡ. ಪಕ್ಕದ ಕಟಕಟೆಯ ಬಳಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ನೋಟ ಇನ್ನೂ ಬಿಡುವಾಗಿ ಸಿಗುತ್ತದೆ: ಕೆಳಗೆ ಕಣಿವೆ, ಅದರ ನಡುವೆ ಸುತ್ತಿ ಇಳಿಯುವ ಮಂಗಳೂರು ರಸ್ತೆ, ಆಚೆಗೆ ಒಂದರ ಹಿಂದೊಂದು ಬೆಟ್ಟದ ಸಾಲು. ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗುವುದು ಆರು, ಆರೂಕಾಲರ ಹೊತ್ತಿಗೆ. ಐದೂವರೆಗೇ ಜಾಗ ಹಿಡಿಯಿರಿ. ಮಂಜು ಕಣಿವೆಯಿಂದ ಮೇಲೆದ್ದು ಐದೇ ನಿಮಿಷದಲ್ಲಿ ಎಲ್ಲವನ್ನೂ ಮುಚ್ಚುವುದುಂಟು. ಆಗ ಹೊರಟುಬಿಡಬೇಡಿ, ಗಾಳಿ ಬೀಸಿದರೆ ಪರದೆ ಸರಿದಂತೆ ಮತ್ತೆ ತೆರೆಯುತ್ತದೆ. ಸಂಗೀತ ಕಾರಂಜಿ ಇದೆ. ಆ ದಿನ ಇದೆಯೇ, ಎಷ್ಟು ಹೊತ್ತಿಗೆ ಎಂದು ಟಿಕೆಟ್ ಪಡೆಯುವಾಗಲೇ ವಿಚಾರಿಸಿ.

ಇನ್ನು ಬಟ್ಟೆ. ಊರು ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಹಗಲು ಬೆವರಿದವರೇ ರಾತ್ರಿ ಎಂಟಕ್ಕೆ ನಡುಗುತ್ತಾರೆ. ಸ್ವೆಟರ್, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಕಡ್ಡಾಯ. ಅಕ್ಟೋಬರ್‌ನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆ ಬರುತ್ತದೆ. ಮೈದಾನಕ್ಕೆ ಕೊಡೆ ಬೇಡ, ರೈನ್‌ಕೋಟ್ ತನ್ನಿ: ನಿಮ್ಮ ಒಂದು ಕೊಡೆ ಹಿಂದಿನ ಹತ್ತು ಜನರಿಗೆ ವೇದಿಕೆ ಮರೆಸುತ್ತದೆ. ಚಪ್ಪಲಿಗಿಂತ ಹಿಡಿತವಿರುವ ಶೂ ಮೇಲು, ನೆನೆದ ಕೆಂಪುಮಣ್ಣು ಜಾರುತ್ತದೆ. ಪ್ಲಾಸ್ಟಿಕ್ ಕುರ್ಚಿ ಒದ್ದೆಯಾಗಿರುತ್ತದೆ, ಒರೆಸಲು ಒಂದು ಹಳೇ ಟವೆಲ್ ಇರಲಿ.

ಮುಂದಿನ ಸಾಲಿಗೆ ಆಸೆಪಡಬೇಡಿ. ಅಲ್ಲಿ ಸ್ಪೀಕರ್ ರಾಶಿಯ ಅಬ್ಬರ ಎದೆಗೆ ಬಡಿಯುತ್ತದೆ, ಹಾಡಿನ ಮಾತು ಮಾತ್ರ ಕೇಳಿಸುವುದಿಲ್ಲ. ಧ್ವನಿ ಹೊಂದಿಸುವವರ ಮಿಕ್ಸರ್ ಮೇಜು ಎಲ್ಲಿದೆ ನೋಡಿ, ಅದರ ಆಸುಪಾಸಿನಲ್ಲಿ ಕೂರಿ. ಅವರು ತಮ್ಮ ಕಿವಿಗೆ ಸರಿಹೋಗುವಂತೆ ಹೊಂದಿಸುವುದರಿಂದ ಇಡೀ ಮೈದಾನದಲ್ಲಿ ಸ್ಪಷ್ಟವಾಗಿ ಕೇಳುವ ಜಾಗ ಅದೇ. ಮುಖ್ಯ ಗಾಯಕರು ಹಾಡುವ ಮೊದಲು ಭಾಷಣ, ಸನ್ಮಾನ ಇರುತ್ತವೆ. ಊಟಕ್ಕೆ ಅದೇ ಹೊತ್ತು, ಯಾಕೆಂದರೆ ಕಾರ್ಯಕ್ರಮ ಮುಗಿಯುವಾಗ ಬಹಳಷ್ಟು ಹೋಟೆಲ್ ಬಾಗಿಲು ಹಾಕಿರುತ್ತವೆ.

ಕಾರ್ಯಕ್ರಮ ಪಟ್ಟಿಯಲ್ಲಿ ಕೊಡವರ ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತ ಹಾಡುವ ಹಾಡು), ಉಮ್ಮತ್ತಾಟ್ (ಹೆಂಗಸರ ಕುಣಿತ), ಬೊಳಕಾಟ್ (ಗಂಡಸರ ಕುಣಿತ) ಇದ್ದರೆ ತಪ್ಪಿಸಲೇಬೇಡಿ, ಪ್ರಸಿದ್ಧ ಗಾಯಕರಿಗಾಗಿ ಬಂದವರಂತೂ ಬಿಡಲೇಬಾರದು. ದುಡಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ವಾದ್ಯ, ನಡು ಸಣ್ಣ, ಎರಡು ತುದಿ ಅಗಲ. ನಾಲ್ವರು ನಿಂತು ಸಣ್ಣ ಕೋಲಿನಿಂದ ಬಾರಿಸುತ್ತ ಹಾಡುತ್ತಾರೆ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಇದರ ದನಿ ಸೂಕ್ಷ್ಮ. ಹಿಂದೆ ಮಾತಾಡುತ್ತ ಕುಳಿತರೆ ಮೈಕಿದ್ದರೂ ಕಳೆದುಹೋಗುತ್ತದೆ. ಇದಕ್ಕಷ್ಟೇ ಎದ್ದು ವೇದಿಕೆಯ ಹತ್ತಿರ ಹೋಗಿ.

ವಿಜಯದಶಮಿ ರಾತ್ರಿಗೆ ಈ ಲೆಕ್ಕ ನಡೆಯದು. ಅಂದು ದಶಮಂಟಪಗಳ, ಅಂದರೆ ಊರಿನ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳ, ಶೋಭಾಯಾತ್ರೆ ಬೆಳಗಿನ ಜಾವದವರೆಗೆ ಬೀದಿ ತುಂಬಿರುತ್ತದೆ. ಪುಟ್ಟ ಮಕ್ಕಳಿದ್ದರೆ ನವರಾತ್ರಿಯ ಬೇರೆ ಸಂಜೆ ಆರಿಸಿ. ಹೋಗಲೇಬೇಕೆಂದರೆ ಮನೆಯವರೆಲ್ಲ ಮತ್ತೆ ಕೂಡುವ ಒಂದು ಜಾಗ ಮೊದಲೇ ಗೊತ್ತುಮಾಡಿ, ಆ ಜನಸಂದಣಿಯಲ್ಲಿ ಫೋನ್ ನೆಚ್ಚಿಕೊಳ್ಳುವಂತಿಲ್ಲ.

ರಾತ್ರಿಯೇ ಘಾಟಿ ಇಳಿಯುವವರು ಮಂಜಿನಲ್ಲಿ ಹೈಬೀಮ್ ಹಾಕಬಾರದು. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ತಿರುವು ಕಾಣುವುದಿಲ್ಲ. ಡಿಮ್ ಇಟ್ಟು, ಕಿಟಕಿ ಒಂದು ಬೆರಳು ತೆರೆದಿಟ್ಟು, ರಸ್ತೆಯ ಬಿಳಿ ಗೆರೆ ಹಿಡಿದು ನಿಧಾನ ಇಳಿಯಿರಿ.