ಊಫಾ ಕಂಪನಿಯ ಚರಿತ್ರೆಯನ್ನು ಮೂರು ಸಂಜೆಗಳಲ್ಲಿ ತೋರಿಸುವುದು ಹೇಗೆ

ಊಫಾ ಎಂಬ ಜರ್ಮನಿಯ ಹಳೆಯ ಸಿನಿಮಾ ಕಂಪನಿಯ ಮೂರು ಚಿತ್ರ ತೋರಿಸುವ ಈ ಕೆಲಸವನ್ನು ಕೊಡಗಿನಲ್ಲಿ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ಮಾತು ಕೇಳಿಸದು, ಕರೆಂಟನ್ನೂ ನಂಬುವಂತಿಲ್ಲ. ಕಾಫಿ ಕೊಯ್ಲು ಮುಗಿದ ಏಪ್ರಿಲ್ ಸರಿ. ಆಗಲೂ ಗುಡುಗು ಮಳೆ ಬರುತ್ತದೆ, ಇನ್ವರ್ಟರ್ ಬೇಕೇ ಬೇಕು.

ಮೊದಲು ಚಿತ್ರ ಆರಿಸಿ. ದುಡ್ಡು ಯಾರ ಕೈಯಲ್ಲಿತ್ತು ಎಂಬುದನ್ನು ಹಿಡಿದು ಹೋದರೆ ಈ ಕಂಪನಿಯ ಕಥೆ ಬೇಗ ಬಿಡಿಸಿಕೊಳ್ಳುತ್ತದೆ. ಊಫಾ ಹುಟ್ಟಿದ್ದು 1917ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ, ಯುದ್ಧದ ನಡುವೆ. ಬಂಡವಾಳ 2.5 ಕೋಟಿ ಮಾರ್ಕ್. ಹಿಂದೆ ನಿಂತದ್ದು ಸೈನ್ಯ ಮತ್ತು ಡಾಯ್ಚ ಬ್ಯಾಂಕ್. 1921ರಲ್ಲಿ ಡೆಕ್ಲಾ-ಬಯೋಸ್ಕೋಪ್ ಎಂಬ ಇನ್ನೊಂದು ಚಿತ್ರ ಕಂಪನಿ ಇದರೊಳಗೆ ಸೇರಿತು. ಜೊತೆಗೆ ನಿರ್ಮಾಪಕ ಎರಿಕ್ ಪೊಮ್ಮರ್ ಬಂದ. ಇಲ್ಲೇ ಹಲವರು ಎಡವುವುದು: ‘ಕಾಲಿಗಾರಿ’ ವಿಲೀನಕ್ಕೂ ಮೊದಲು ಡೆಕ್ಲಾ ತೆಗೆದದ್ದು, ‘ನೊಸ್ಫೆರಾಟು’ ಪ್ರಾನಾ ಎಂಬ ಬೇರೆ ಕಂಪನಿಯದು. ಎರಡನ್ನೂ ಊಫಾ ಪಟ್ಟಿಗೆ ಹಾಕಬೇಡಿ.

ಮೊದಲ ಸಂಜೆಗೆ 1924ರ ‘ದಿ ಲಾಸ್ಟ್ ಲಾಫ್’. ಮೂಕಿಚಿತ್ರ; ದೃಶ್ಯಗಳ ನಡುವೆ ಬರುವ ವಿವರಣೆಯ ಬರಹ ಇಡೀ ಚಿತ್ರದಲ್ಲಿ ಒಂದೇ ಒಂದು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಕನ್ನಡ ಆಡುವವರು ಒಂದೇ ಸಭೆಯಲ್ಲಿ ಕೂರುವ ಊರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಎರಡನೆಯ ಸಂಜೆ 1927ರ ‘ಮೆಟ್ರೊಪೊಲಿಸ್’, 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕ ಭಾಗಗಳನ್ನು ಸೇರಿಸಿದ ಪ್ರತಿಯೇ ಇರಲಿ. ಸುಮಾರು ಎರಡೂವರೆ ಗಂಟೆ. ನಡುವೆ ಕಾಫಿಗೆ ಬಿಡಿ. ಖರ್ಚು ಮಿತಿಮೀರಿದ ಈ ಚಿತ್ರ ಸಾಲದಲ್ಲಿದ್ದ ಕಂಪನಿಯನ್ನು ಇನ್ನಷ್ಟು ಕುಗ್ಗಿಸಿತು. ಅದೇ ವರ್ಷ ಪತ್ರಿಕೆಗಳ ಒಡೆಯ ಹೂಗೆನ್‌ಬರ್ಗ್ ಕಂಪನಿಯನ್ನು ಹಿಡಿದುಕೊಂಡ. ಮೂರನೆಯ ಸಂಜೆ 1930ರ ‘ದಿ ಬ್ಲೂ ಏಂಜೆಲ್’, ಮಾತಿನ ಚಿತ್ರ.

ಪ್ರದರ್ಶನದ ಹಕ್ಕಿಗೆ, ಹಳೆಯ ಜರ್ಮನ್ ಚಿತ್ರಗಳನ್ನು ನೋಡಿಕೊಳ್ಳುವ ಜರ್ಮನಿಯ ವೀಸ್‌ಬಾಡೆನ್‌ನ ಮುರ್ನಾವ್ ಪ್ರತಿಷ್ಠಾನಕ್ಕೆ ಮುಂಚೆಯೇ ಬರೆಯಿರಿ. ಚಿತ್ರ ಹಳೆಯದಾದರೂ ಹೊಸ ಪ್ರತಿಯ ಸಂಗೀತದ ಹಕ್ಕು ಬೇರೆ ಇರುತ್ತದೆ.

ಈಗ ಪರದೆ. ಈ ಚಿತ್ರಗಳ ಚೌಕಟ್ಟು ಸುಮಾರು 4:3, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಅಗಲದ ಪ್ರೊಜೆಕ್ಟರ್ ಅದನ್ನು ಎಳೆದು ತುಂಬಿಸಿದರೆ ಮುಖಗಳು ಕುಂಬಳಕಾಯಿ ಆಗುತ್ತವೆ. ಆಸ್ಪೆಕ್ಟ್ ಸೆಟ್ಟಿಂಗ್ 4:3ಕ್ಕೆ ಇಡಿ, ಬದಿಗಳು ಕಪ್ಪಾಗಿಯೇ ಇರಲಿ. 8 ಅಡಿ ಅಗಲ, 6 ಅಡಿ ಎತ್ತರದ ಚಿತ್ರ ಬೇಕಿದ್ದರೆ ಲೆಕ್ಕ 8 ಅಡಿಗಲ್ಲ: 16:9 ಪ್ರೊಜೆಕ್ಟರ್‌ನ ಪೂರ್ಣ ಬೆಳಕು 10.7 ಅಡಿ ಅಗಲ ಆಗುತ್ತದೆ. ಥ್ರೋ ಅನುಪಾತ (ಪರದೆಯಿಂದ ಇರುವ ದೂರವನ್ನು ಬೆಳಕಿನ ಅಗಲದಿಂದ ಭಾಗಿಸಿದ್ದು) 1.5 ಇದ್ದರೆ ಪರದೆಯಿಂದ 16 ಅಡಿ ದೂರ ಇಡಬೇಕು. ಕಿಟಕಿ ಮುಚ್ಚಿದ ಹಾಲಿಗೆ 3000 ಲ್ಯೂಮೆನ್ (ಪ್ರೊಜೆಕ್ಟರ್ ಬೆಳಕಿನ ಅಳತೆ) ಸಾಕು.

ಪ್ರೊಜೆಕ್ಟರ್ 300 ವಾಟ್, ಸ್ಪೀಕರ್ 100, ಲ್ಯಾಪ್‌ಟಾಪ್ 60. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಚೆನ್ನಾಗಿದ್ದರೂ ಎರಡು ಗಂಟೆ ದಾಟುವುದು ಕಷ್ಟ, ‘ಮೆಟ್ರೊಪೊಲಿಸ್’ ದಿನ ಎರಡು ಬ್ಯಾಟರಿ ಇರಲಿ. ಬಲ್ಬಿನ ಪ್ರೊಜೆಕ್ಟರ್‌ಗೆ ಏಕಾಏಕಿ ಕರೆಂಟ್ ಹೋದರೆ ಫ್ಯಾನ್ ನಿಂತು ಬಲ್ಬ್ ಬೇಗ ಸಾಯುತ್ತದೆ.

‘ಮೆಟ್ರೊಪೊಲಿಸ್’ ಬರಹಗಳನ್ನು ಒಬ್ಬರು ಕನ್ನಡದಲ್ಲಿ ಓದಲಿ. ಹಿಂದಿನ ದಿನವೇ ಅನುವಾದ ಬರೆದು, ಚಿತ್ರ ಹಾಕಿಕೊಂಡು ಗಡಿಯಾರ ನೋಡಿ ಅಭ್ಯಾಸ ಮಾಡಬೇಕು. ಉದ್ದವಾದರೆ ಮುಂದಿನ ದೃಶ್ಯದ ಮೇಲೆ ಮಾತು ಏರಿಬಿಡುತ್ತದೆ.

ಕೊನೆಯ ಸಂಜೆ ಚಿತ್ರಕ್ಕೆ ಮುನ್ನ ಎರಡು ಸಂಗತಿ ಹೇಳಲೇಬೇಕು. 1933ರ ಮಾರ್ಚ್ 29ರಂದು ಕಂಪನಿಯ ಆಡಳಿತ ಮಂಡಳಿ ಯಹೂದಿ ಸಿಬ್ಬಂದಿಯನ್ನು ತೆಗೆದುಹಾಕಲು ತೀರ್ಮಾನಿಸಿತು, ಆ ಪಟ್ಟಿಯಲ್ಲಿ ಇದೇ ಚಿತ್ರದ ನಿರ್ಮಾಪಕ ಪೊಮ್ಮರ್ ಇದ್ದ. 1937ರಲ್ಲಿ ನಾಜಿ ಸರ್ಕಾರ ಬೇರೆಯವರ ಹೆಸರನ್ನು ಮುಂದಿಟ್ಟು ಷೇರುಗಳನ್ನೇ ಕೊಂಡಿತು.

ಮಂಜಿನಲ್ಲಿ ಪ್ರೊಜೆಕ್ಟರ್ ತಂದ ಕೂಡಲೇ ಹಚ್ಚಬೇಡಿ. ಲೆನ್ಸಿಗೆ ಹನಿ ಕೂರುತ್ತದೆ. ಅರ್ಧ ಗಂಟೆ ಹಾಲಿನೊಳಗೆ ಸುಮ್ಮನೆ ಇಡಿ, ಬಟ್ಟೆಯಿಂದ ಒರೆಸಬೇಡಿ.