ವಿಲಿಯಂ ಮಾರ್ಷಲ್ ವಂಶವೃಕ್ಷ: ನಾನು ಹೆಸರು ಬಿಟ್ಟು ಜಮೀನು ಹಿಡಿದೆ

ಹಳೇ ಮನೆತನಗಳ ವಂಶವೃಕ್ಷ ಬರೆಯೋದು ನನ್ನ ಹವ್ಯಾಸ. ಈ ಸಲ ಹಿಡಿದದ್ದು ಇಂಗ್ಲೆಂಡಿನ ನೈಟ್, ಅಂದ್ರೆ ಕುದುರೆ ಯೋಧ, ವಿಲಿಯಂ ಮಾರ್ಷಲ್ ಮನೆತನ. ಆತನ ಸಾಹಸದ ಕಥೆಗಳಿಗೇನೂ ಬರವಿಲ್ಲ, ಮಗನೇ ಬರೆಸಿದ 19,000 ಸಾಲು ದಾಟುವ ಪದ್ಯಚರಿತ್ರೆ ಇದೆ. 1152ರಲ್ಲಿ ಈ ಹುಡುಗ ಸ್ಟೀಫನ್ ರಾಜನ ಹತ್ತಿರ ಒತ್ತೆಯಾಳಾಗಿದ್ದ. ಕೋಟೆ ಒಪ್ಪಿಸದಿದ್ದರೆ ನೇಣಿಗೆ ಹಾಕ್ತೀವಿ ಅಂದಾಗ, ಇದಕ್ಕಿಂತ ಒಳ್ಳೆ ಮಕ್ಕಳನ್ನು ಮಾಡೋಕೆ ಸುತ್ತಿಗೆ, ಅಡೆಗಲ್ಲು ನನ್ನ ಹತ್ತಿರ ಇವೆ ಅಂದನಂತೆ ಅಪ್ಪ! ಪುಣ್ಯಕ್ಕೆ ರಾಜನಿಗೆ ಮನಸ್ಸು ಬರಲಿಲ್ಲ.

ನನಗೆ ಬೇಕಿದ್ದದ್ದು ಆತನ ಸಂಸಾರ. 1189ರಲ್ಲಿ, ನಲವತ್ತು ದಾಟಿದ ಮೇಲೆ, ಇಸಬೆಲ್ ಡಿ ಕ್ಲೇರ್ ಜೊತೆ ಮದುವೆ. ಇವಳು ಸ್ಟ್ರಾಂಗ್‌ಬೋ ಅನ್ನೋ ಅಡ್ಡಹೆಸರಿನ ಇಂಗ್ಲೆಂಡಿನ ಪ್ರಭುವಿನ ಮಗಳು, ತಾಯಿ ಕಡೆಯಿಂದ ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮೊಮ್ಮಗಳು. ಪಿತ್ರಾರ್ಜಿತ ಸಿಗದ ಕಿರಿಮಗ ಮದುವೆಯಿಂದ ದೊಡ್ಡ ಜಮೀನ್ದಾರನಾದ.

ಐದು ಗಂಡು, ಐದು ಹೆಣ್ಣು. ಮಾರ್ಷಲ್ 1219ರಲ್ಲಿ ತೀರಿಕೊಂಡ. ಆಮೇಲೆ ಗಂಡುಮಕ್ಕಳು ಒಬ್ಬರ ನಂತರ ಒಬ್ಬರು ಯಜಮಾನರಾದರು, 1245 ಮುಗಿಯೋ ಹೊತ್ತಿಗೆ ಐವರೂ ಹೋದರು. ಯಾರಿಗೂ ವಾರಸುದಾರ ಇಲ್ಲ. ಐರ್ಲೆಂಡಿನ ಫರ್ನ್ಸ್ ಬಿಷಪ್ ಜಮೀನು ಜಗಳದಲ್ಲಿ ಹಾಕಿದ ಶಾಪ ಅಂತ ಕಥೆ ಇದೆ, ಅದನ್ನು ಸುಮ್ನೆ ಅಂಚಿನಲ್ಲಿ ಬರೆದಿಟ್ಟೆ.

ತಲೆನೋವು ಶುರುವಾಗೋದು ಹೆಣ್ಣುಮಕ್ಕಳ ಕಡೆ. ತಾಯಿ ಇಸಬೆಲ್ ಡಿ ಕ್ಲೇರ್. ಮಗಳ ಹೆಸರೂ ಇಸಬೆಲ್, ಅವಳು ಗಿಲ್ಬರ್ಟ್ ಡಿ ಕ್ಲೇರ್‌ನನ್ನು ಮದುವೆಯಾದಳು. ಅವರಿಗೆ ಹುಟ್ಟಿದ ಮಗಳೂ ಇಸಬೆಲ್ ಡಿ ಕ್ಲೇರ್! ಹೆಸರು ನೋಡ್ಕೊಂಡು ಗೆರೆ ಎಳೆದರೆ ಮೊಮ್ಮಗಳು ಹೋಗಿ ಅಜ್ಜಿ ಜಾಗದಲ್ಲಿ ಕೂರ್ತಾಳೆ.

ಅದಕ್ಕೆ ನಾನು ಪಹಣಿ ನೋಡಿದ ಹಾಗೆ ಜಮೀನು ಹಿಡಿದು ಹೋದೆ. ಆಗಿನ ಕಾನೂನಿನಲ್ಲಿ ಗಂಡು ಸಂತಾನ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು, ಮಗಳು ತೀರಿಹೋಗಿದ್ದರೆ ಅವಳ ಪಾಲು ಅವಳ ಮಕ್ಕಳಿಗೆ. ಮದುವೆಯಿಂದ ಬಂದ ಲೆನ್‌ಸ್ಟರ್ ಜಮೀನು ಐವರು ಹೆಣ್ಣುಮಕ್ಕಳಿಗೆ ಪಾಲಾದಾಗ ಮಾಡ್ ಕಡೆಗೆ ಕಾರ್ಲೋ, ಮಗಳು ಇಸಬೆಲ್ ಕಡೆಗೆ ಕಿಲ್ಕೆನಿ, ಸಿಬಿಲ್ ಕಡೆಗೆ ಕಿಲ್ಡೇರ್, ಈವಾ ಕಡೆಗೆ ಡನಮೇಸ್, ಜೋನ್ ಕಡೆಗೆ ವೆಕ್ಸ್‌ಫರ್ಡ್. ಪ್ರತಿ ಹೆಸರಿನ ಪಕ್ಕ ಊರು ಬರೆದ ಮೇಲೆ ಕವಲುಗಳು ತಾವಾಗೇ ಬೇರೆಯಾದವು. ಮಾರ್ಷಲ್ ಅನ್ನೋ ಅರಮನೆ ಹುದ್ದೆಯನ್ನು ತುಂಡು ಮಾಡೋಕಾಗಲ್ಲ ಅಲ್ವಾ, ಅದು ಹಿರಿಮಗಳು ಮಾಡ್ ಪಾಲಿಗೆ ಹೋಗಿ ಅವಳ ಮಗ ರೋಜರ್ ಬಿಗಾಡ್ ಕೈಗೆ ಬಂತು.

ಮಗಳು ಇಸಬೆಲ್ ಕವಲನ್ನೇ ಕೆಳಗೆ ಇಳಿಸಿದರೆ ಅವಳ ಮರಿಮಗ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್. ಸದ್ಯ ಸಿಬಿಲ್ ಕವಲು ಬಿಡಿಸ್ತಾ ಇದ್ದೇನೆ. ಅವಳಿಗೆ ಏಳು ಜನ ಹೆಣ್ಣುಮಕ್ಕಳು, ಕಿಲ್ಡೇರ್ ಮತ್ತೆ ಏಳು ಪಾಲು, ಹಾಳೆಗೆ ಇನ್ನೊಂದು ಹಾಳೆ ಅಂಟಿಸಿಕೊಂಡಿದ್ದೇನೆ.