ಗೀಸರ್ ಬದಲಾವಣೆ: ನೆಲದ ಮೇಲೆ ಜೋಡಿಸಿ ಗೋಡೆಗೆ ಏರಿಸಿದ ನನ್ನ ಅನುಭವ

ಗೀಸರನ್ನು ಗೋಡೆಗೆ ತೂಗುಹಾಕಿದ ಮೇಲೆ, ಪಾನಾ ಅರ್ಧ ಸುತ್ತು ತಿರುಗಲೂ ಜಾಗವಿಲ್ಲದ ಮೂಲೆಯಲ್ಲಿ, ತಲೆಯೆತ್ತಿ ಬಿಗಿದ ಜಾಯಿಂಟುಗಳೇ ಮುಂದೆ ಸೋರುತ್ತವೆ ಎಂಬುದು ನನ್ನ ಬಹುದಿನದ ವಾದ. ಆದ್ದರಿಂದ ವಾಲ್ವ್, ನಿಪ್ಪಲ್ (ಜೋಡಿಸುವ ಗಿಡ್ಡ ಕೊಳವೆ), ಎಲ್ಬೋ (ಬಾಗಿದ ಜೋಡಣೆ) ಎಲ್ಲವನ್ನೂ ನೆಲದ ಮೇಲೆಯೇ ಗೀಸರಿಗೆ ಜೋಡಿಸಿ, ನೀರು ತುಂಬಿ, ಒತ್ತಡ ಕೊಟ್ಟು ನೋಡಿ, ಬರಿದು ಮಾಡಿ, ಆಮೇಲೆ ಗೋಡೆಗೆ ಏರಿಸಬೇಕೆಂದು ನಾನು ಹೇಳಿದಾಗ ಅನುಭವಸ್ಥ ಪ್ಲಂಬರೊಬ್ಬರು, ನೆಲದ ಮೇಲೆ ಸೋರದ್ದು ಗೋಡೆಯ ಮೇಲೆ ಸೋರುತ್ತದೆ, ಎತ್ತುವಾಗಲೇ ಜಾಯಿಂಟು ಅಲುಗಾಡುತ್ತದೆ ಎಂದು ನಕ್ಕರು. ಹಾಗೆ ಏರಿಸಿದ ಗೀಸರು ವರ್ಷ ದಾಟಿ ಓಡುತ್ತಿದೆ; ಜಾಯಿಂಟುಗಳ ಕೆಳಗೆ ಇಂದಿಗೂ ಒಂದು ಹನಿ ಕಂಡಿಲ್ಲ.

ಮೊದಲು ಹಣದ ಮಾತು. ಹೊಸ ಗೀಸರಿನ ಬೆಲೆಯನ್ನು ನೂರು ಎಂದಿಟ್ಟುಕೊಂಡರೆ, ನನಗೆ ಸಿಕ್ಕ ಅಂದಾಜಿನಲ್ಲಿ ಪ್ಲಂಬರರ ಕೂಲಿ ಇಪ್ಪತ್ತೈದರ ಆಸುಪಾಸಿನಲ್ಲಿತ್ತು. ಅದರ ಮೇಲೆ ಸಾಮಾನಿನ ಲೆಕ್ಕವೆಂದು ಇನ್ನೊಂದು ಹದಿನೈದು ಸೇರಿತ್ತು, ಗೋಡೆಯ ತೂತು ಮುಚ್ಚುವುದು ಬೇರೆಯವರ ಕೆಲಸವೆಂದು ಬರೆದಿತ್ತು. ನನಗೆ ತಗುಲಿದ್ದು ಹೋಸ್, ವಾಲ್ವ್, ಬೋಲ್ಟು, ಟೇಪುಗಳಿಗೆ ಸುಮಾರು ಹನ್ನೆರಡು, ಬಾಡಿಗೆಗೆ ತಂದ ಒತ್ತಡದ ಪಂಪಿಗೆ ಮೂರು, ಎಲೆಕ್ಟ್ರಿಷಿಯನ್ನರಿಗೆ ಎಂಟು. ಹದಿನೇಳರಷ್ಟು ಉಳಿಯಿತು ಎನ್ನಬಹುದು. ಆದರೆ ಡ್ರಿಲ್ ಮೆಷಿನ್ ಮತ್ತು ಎರಡು ಪೈಪ್ ರೆಂಚುಗಳು ಮನೆಯಲ್ಲಿ ಮೊದಲೇ ಇದ್ದವು. ಇವನ್ನೆಲ್ಲ ಹೊಸದಾಗಿ ಕೊಳ್ಳುವವರಿಗೆ ಈ ಒಂದು ಕೆಲಸದಲ್ಲಿ ಉಳಿತಾಯವೇನೂ ಕಾಣದು. ಗ್ಯಾರಂಟಿ ಕಾರ್ಡನ್ನೂ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ತಯಾರಕರು ತಮ್ಮ ಅಧಿಕೃತ ಕೆಲಸಗಾರರು ಕೂರಿಸದಿದ್ದರೆ ಗ್ಯಾರಂಟಿ ಕೊಡುವುದಿಲ್ಲ.

ಗೀಸರಿನಿಂದ ನೀರು ತೊಟ್ಟಿಕ್ಕಿದ ಮಾತ್ರಕ್ಕೆ ಅದನ್ನು ಬದಲಿಸಬೇಕಾಗಿಲ್ಲ ಎಂಬುದು ಬಲ್ಲವರಿಗೆ ಗೊತ್ತು. ನೀರು ಕಾಯಿಸುವ ಕಾಯಿಲಿನ ಗ್ಯಾಸ್ಕೆಟ್ ಹೋಗಿದ್ದರೆ ಗ್ಯಾಸ್ಕೆಟ್ ಸಾಕು, ನೀರು ಕಾಯದಿದ್ದರೆ ಥರ್ಮೋಸ್ಟಾಟನ್ನೋ ಕಾಯಿಲನ್ನೋ ಬದಲಿಸಿದರೆ ಸಾಕು. ನನ್ನ ಹಳೆಯ ಇಪ್ಪತ್ತೈದು ಲೀಟರಿನದರಲ್ಲಿ ಒಳತೊಟ್ಟಿಯೇ ತೂತಾಗಿ, ಹೊರಕವಚದ ಕೆಳಗಿನಿಂದ ತುಕ್ಕುಬಣ್ಣದ ನೀರು ಇಳಿಯುತ್ತಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಆಮೇಲೆ ಕುತೂಹಲಕ್ಕೆ ಬಿಚ್ಚಿ ನೋಡಿದರೆ, ಮೆಗ್ನೀಸಿಯಮ್ಮಿನ ಆನೋಡ್ ರಾಡ್ ಇದ್ದ ಜಾಗದಲ್ಲಿ ನಡುವಿನ ತಂತಿ ಮತ್ತು ಒಂದಿಷ್ಟು ಬಿಳಿ ಪುಡಿ ಮಾತ್ರ ಉಳಿದಿತ್ತು. ಉಕ್ಕಿನ ತೊಟ್ಟಿಯ ಬದಲು ತಾನು ಕರಗುವುದೇ ಅದರ ಕೆಲಸ; ಅದು ಮುಗಿದ ಮೇಲೆ ತುಕ್ಕು ತೊಟ್ಟಿಗೇ ಹಿಡಿಯಿತು.

ಬಿಚ್ಚುವ ಕೆಲಸ ಕೂರಿಸುವ ಕೆಲಸಕ್ಕಿಂತ ಹೆಚ್ಚು ಕಾಡಿತು. ಎಂಸಿಬಿ ಇಳಿಸಿ, ಟೆಸ್ಟರಿನಿಂದ ನೋಡಿ, ತಂತಿಗಳನ್ನು ಬಿಡಿಸಿದ ಮೇಲೆ ತೊಟ್ಟಿಯನ್ನು ಬರಿದು ಮಾಡಬೇಕು. ಗೋಡೆಗೆ ನೆಟ್ಟಗೆ ತೂಗುವ ಗೀಸರುಗಳಲ್ಲಿ ಬಿಸಿನೀರಿನ ಕೊಳವೆ ಒಳಗೆ ಮೇಲ್ತುದಿಯವರೆಗೂ ಹೋಗಿರುತ್ತದೆಯಾದ್ದರಿಂದ, ಬಿಸಿನೀರಿನ ಕಡೆಯನ್ನು ಬಿಚ್ಚಿ ನೀರು ನಿಂತಿತೆಂದು ನಂಬಿದವರು ಗೀಸರನ್ನು ತುಂಬಿದ ನೀರಿನ ಸಮೇತ ಇಳಿಸಲು ಹೋಗುತ್ತಾರೆ. ನೀರು ಇಳಿಯುವುದು ತಣ್ಣೀರಿನ ದಾರಿಯಿಂದಲೇ, ಅದೂ ಬಿಸಿನೀರಿನ ನಲ್ಲಿ ತೆರೆದಿದ್ದು ಗಾಳಿ ಒಳಗೆ ಹೋದಾಗ ಮಾತ್ರ. ಇನ್ನು ಹಳೆಯ ನಟ್ಟುಗಳು ಎಣ್ಣೆಗೂ ಬಗ್ಗಲಿಲ್ಲ, ಬಿಸಿ ಮಾಡಿದ್ದಕ್ಕೂ ಬಗ್ಗಲಿಲ್ಲ. ಬಲ ಹಾಕೋಣವೆಂದರೆ ಗೋಡೆಯೊಳಗಿನ ಎಲ್ಬೋ ತಿರುಚಿ ಬಿರುಕು ಬಿಡುವ ಭಯ. ಅದು ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ, ಮೇಲೆ ಹೇಳಿದ ಉಳಿತಾಯವೆಲ್ಲ ಅಲ್ಲಿಗೆ ಸಂದಾಯ. ಕೊನೆಗೆ ನಟ್ಟನ್ನು ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಮುಕ್ಕಾಲು ಆಳ ಕೊಯ್ದು, ಉಳಿ ಇಟ್ಟು ಸೀಳಿದೆ. ಒಂದು ರೆಂಚು ಗೋಡೆಯ ಫಿಟಿಂಗನ್ನು ಅಲುಗದಂತೆ ಹಿಡಿದೇ ಇರಬೇಕು, ಇದರಲ್ಲಿ ರಿಯಾಯಿತಿಯಿಲ್ಲ.

ಈಗ ನೆಲದ ಜೋಡಣೆಗೆ ಬರುತ್ತೇನೆ. ಗೀಸರನ್ನು ಮಲಗಿಸಿ ನೀರು ತುಂಬಿದರೆ ಮೇಲ್ಭಾಗದಲ್ಲಿ ಗಾಳಿ ಉಳಿದು ಪರೀಕ್ಷೆಗೆ ಅರ್ಥವಿರುವುದಿಲ್ಲ. ಆದ್ದರಿಂದ ಎರಡು ಮರದ ದಿಮ್ಮಿಗಳ ನಡುವೆ, ಕೆಳಗಿನ ನಿಪ್ಪಲ್ಲುಗಳಿಗೆ ಕೈ ಹೋಗುವಷ್ಟು ಎತ್ತರದಲ್ಲಿ, ಅದನ್ನು ನೆಟ್ಟಗೆ ನಿಲ್ಲಿಸಿದೆ. ತಣ್ಣೀರಿನ ಕಡೆಗೆ, ಒತ್ತಡ ಮಿತಿಮೀರಿದರೆ ತಾನೇ ತೆರೆದು ನೀರು ಹೊರಬಿಡುವ ಸೇಫ್ಟಿ ವಾಲ್ವ್, ಅದರ ಕೆಳಗೆ ಬಾಲ್ ವಾಲ್ವ್. ಬಿಸಿನೀರಿನ ಕಡೆಗೆ ಹಿತ್ತಾಳೆಯ ನಿಪ್ಪಲ್ ಮತ್ತು ಎಲ್ಬೋ. ಬಿಸಿನೀರಿನ ತುದಿಯಿಂದ ಗಾಳಿಯಿಲ್ಲದೆ ನೀರು ಧಾರೆಯಾಗಿ ಬಂದ ಮೇಲೆ ಆ ತುದಿಯನ್ನು ಮುಚ್ಚಿ, ಕೈಪಂಪಿನಿಂದ ಸುಮಾರು 6 ಬಾರ್‌ವರೆಗೆ ಒತ್ತಡ ಏರಿಸಿದೆ. ನನ್ನ ಸೇಫ್ಟಿ ವಾಲ್ವ್ ತೆರೆಯುವುದು 8 ಬಾರ್ ಒತ್ತಡಕ್ಕೆ; ಗೀಸರಿನ ಚೀಟಿಯಲ್ಲಿ ಬರೆದ ಮಿತಿಯನ್ನು ಯಾರೂ ದಾಟಬಾರದು. ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿಗೆ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಎಂಬ ಲೆಕ್ಕ ಹಿಡಿದರೆ, ಈ ಪರೀಕ್ಷೆ ದಿನನಿತ್ಯದ ಒತ್ತಡಕ್ಕಿಂತ ಎಷ್ಟೋ ಕಠಿಣ.

ಈ ಪರೀಕ್ಷೆಯಲ್ಲೇ ಮೊದಲ ಜೋಡಣೆ ಸೋತಿತು. ಪ್ಲಾಸ್ಟಿಕ್ ಎಳೆಯ (ತಿರುಗಿಸಿ ಕೂರಿಸುವ ಸ್ಕ್ರೂ ಗೆರೆಯ) ಎಲ್ಬೋಗೆ ಲೋಹದ ನಿಪ್ಪಲ್ ಕೂರಿಸಿದ ಕಡೆ, ಸಾಮಾನ್ಯ ಒತ್ತಡದಲ್ಲಿ ಒಣಗಿದ್ದ ಟೇಪು 4 ಬಾರ್ ದಾಟುತ್ತಲೇ ಬೆವರತೊಡಗಿತು. ಟೇಪು ಹೆಚ್ಚು ಸುತ್ತಿ ಬಿಗಿದರೆ ಪ್ಲಾಸ್ಟಿಕ್ಕೇ ಸೀಳುತ್ತದೆ. ಹಿತ್ತಾಳೆಯ ಎಳೆ ಕೂರಿಸಿದ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಎಲ್ಬೋ ತಂದು, ಸೆಣಬಿನ ನಾರು ಮತ್ತು ಪೇಸ್ಟ್ ಹಚ್ಚಿ ಕೂರಿಸಿದಾಗ ಪಂಪಿನ ಒತ್ತಡ ಮಾಪಕದ ಮುಳ್ಳು ರಾತ್ರಿಯಿಡೀ ಕದಲಲಿಲ್ಲ. ಇದೇ ಬೆವರು ಗೋಡೆಯ ಮೇಲೆ ಕಾಣಿಸಿದ್ದರೆ ಇಡೀ ಗೀಸರನ್ನು ಕೆಳಗಿಳಿಸಬೇಕಾಗುತ್ತಿತ್ತು. ಇಷ್ಟಾದ ಮೇಲೂ ಆ ಪ್ಲಂಬರರು ಇದನ್ನು ಕಾಲಹರಣವೆಂದೇ ಕರೆದರು.

ನೆಲದ ಮೇಲೆ ಬಿಗಿದ ಜಾಯಿಂಟುಗಳನ್ನು ಮತ್ತೆ ಮುಟ್ಟುವುದೇ ಇಲ್ಲ ಎಂಬುದರಲ್ಲಿ ಈ ವಿಧಾನದ ಗುಟ್ಟಿದೆ. ಗೋಡೆಯ ಮೇಲೆ ಉಳಿಯುವುದು ಎರಡೇ ಜೋಡಣೆ, ಅಂದರೆ ಎರಡು ಫ್ಲೆಕ್ಸಿಬಲ್ ಹೋಸುಗಳ ತುದಿಯ ನಟ್ಟು. ಅಲ್ಲಿ ನೀರನ್ನು ತಡೆಯುವುದು ಒಳಗಿನ ಚಪ್ಪಟೆ ವಾಷರ್ ಆದ್ದರಿಂದ ಟೇಪು ಬೇಕಿಲ್ಲ. ಕೈಯಿಂದ ಪೂರ್ತಿ ಬಿಗಿದು, ಪಾನಾದಿಂದ ಕಾಲು ಸುತ್ತು ಕೊಟ್ಟರೆ ಸಾಕು. ಎತ್ತುವಾಗ ಅಲುಗಾಡುವ ಪ್ರಶ್ನೆಗೂ ಇದೇ ಉತ್ತರ: ಬರಿದಾದ ಗೀಸರು ಹಗುರ, ಅದನ್ನು ಇಬ್ಬರು ತೊಟ್ಟಿಯ ಮೈಯನ್ನು ಹಿಡಿದೇ ಎತ್ತಬೇಕು, ವಾಲ್ವನ್ನು ಹಿಡಿಯಕೂಡದು.

ನೀರು ತುಂಬಿದ ಮೇಲೆ ಗೋಡೆ ಹೊರಬೇಕಾದ ಭಾರ ಮೂವತ್ತೈದು ಕಿಲೋಗೆ ಹತ್ತಿರ. ಗಟ್ಟಿ ಇಟ್ಟಿಗೆಯಲ್ಲಿ ಆಂಕರ್ ಬೋಲ್ಟು ಚೆನ್ನಾಗಿ ಹಿಡಿಯುತ್ತದೆ. ಟೊಳ್ಳು ಬ್ಲಾಕಿನಲ್ಲಿ ಅದು ಸುಮ್ಮನೆ ತಿರುಗುತ್ತದೆ. ನನ್ನ ಗೋಡೆಯಲ್ಲಿ ಎರಡೂ ಇದ್ದವು. ಟೊಳ್ಳು ಕಡೆಯ ಬೋಲ್ಟನ್ನು ಗೋಡೆಯ ಆಚೆಬದಿಯವರೆಗೆ ತೂರಿಸಿ, ಹಿಂದೆ ಉಕ್ಕಿನ ಪಟ್ಟಿ ಕೊಟ್ಟು ಬಿಗಿದೆ. ರಸಮಟ್ಟ ಇಟ್ಟು ನೋಡುವುದನ್ನು ಹೇಳಬೇಕಾಗಿಲ್ಲ.

ವಿದ್ಯುತ್ತಿನ ಕೆಲಸವನ್ನು ನಾನು ಕೈಯಾರೆ ಮಾಡಲಿಲ್ಲ. 2 ಕಿಲೋವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ಕಾಯಿಲಿನ ರೋಧ ಇಪ್ಪತ್ತಾರು ಓಮ್‌ನ ಆಸುಪಾಸು ಬರಬೇಕು, ಇವೆಲ್ಲ ಗೊತ್ತಿದ್ದರೂ, ಒದ್ದೆ ಮೈಯಲ್ಲಿ ನಿಲ್ಲುವ ಜಾಗದಲ್ಲಿ ಅರ್ಥಿಂಗ್ ಸರಿಯಿದೆಯೆಂದು ಅಳೆದು ಹೇಳುವ ಉಪಕರಣ ನನ್ನಲ್ಲಿಲ್ಲ. ಎಲೆಕ್ಟ್ರಿಷಿಯನ್ನರು ಮೆಗ್ಗರ್ ಎಂಬ ಮಾಪಕ ಹಿಡಿದು ಇನ್ಸುಲೇಷನ್ ನೋಡಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಪರೀಕ್ಷಿಸಿ ಹೋದರು. ಬಿಸಿನೀರಿನ ನಲ್ಲಿಯಲ್ಲಿ ಎಡೆಬಿಡದ ಧಾರೆ ಬರುವವರೆಗೆ ಸ್ವಿಚ್ ಹಾಕಲಿಲ್ಲ. ನೀರಿಲ್ಲದ ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಬಿಸಿಯಾದ ಮೇಲೆ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಸುತ್ತಿಟ್ಟು ಬೆಳಿಗ್ಗೆ ನೋಡಿದೆ. ಕಣ್ಣಿಗೆ ಕಾಣದ ತೇವವೂ ಕಾಗದದಲ್ಲಿ ಕಲೆಯಾಗುತ್ತದೆ.

ಕೆಲಸ ಮುಗಿದ ಮೇಲೂ ಕೈ ಸುಮ್ಮನಿರಲಿಲ್ಲ. ಹಳೆಯ ಗೀಸರನ್ನು ಹಿಂದೆ ಕೂರಿಸಿದ್ದ ಕೆಲಸಗಾರರು, ಸೇಫ್ಟಿ ವಾಲ್ವ್ ಹನಿಸುತ್ತದೆಯೆಂದು ಅದರ ಬಾಯಿಗೆ ಕ್ಯಾಪ್ ಹಾಕಿಬಿಟ್ಟಿದ್ದರು. ಇದಕ್ಕಿಂತ ಅಪಾಯಕಾರಿ ರಿಪೇರಿ ಇನ್ನೊಂದಿಲ್ಲ. ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. ಇಪ್ಪತ್ತೈದು ಲೀಟರಿಗೆ ಅದು 400 ಮಿಲಿಲೀಟರಿಗೆ ಸ್ವಲ್ಪ ಕಡಿಮೆ. ನಲ್ಲಿಗಳೆಲ್ಲ ಮುಚ್ಚಿದ್ದು, ಒಳಬರುವ ದಾರಿಯಲ್ಲಿ ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಇದ್ದರೆ ಆ ನೀರು ಹೊರಬೀಳಲೇಬೇಕು. ನಾನು ವಾಲ್ವಿನ ಕೊಳವೆಯ ಕೆಳಗೆ ಬಾಟಲಿ ಇಟ್ಟು, ನಲ್ಲಿ ಮುಟ್ಟದೆ ಒಮ್ಮೆ ಪೂರ್ತಿ ಕಾಯಿಸಿದಾಗ ಸಿಕ್ಕಿದ್ದು ಮುನ್ನೂರು ಚಿಲ್ಲರೆ ಮಿಲಿಲೀಟರ್. ಲೆಕ್ಕ ಸರಿಹೋಯಿತು. ಕಾಯುವಾಗ ಹನಿಸಿ ಆಮೇಲೆ ನಿಂತರೆ ಅದು ದೋಷವಲ್ಲ. ತಣ್ಣಗಿದ್ದಾಗಲೂ ಹನಿಸುತ್ತಿದ್ದರೆ ಒತ್ತಡ ಹೆಚ್ಚಿದೆ ಅಥವಾ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿದೆ.

ಇನ್ನೊಂದು ಪ್ರಯೋಗ ಕರೆಂಟಿನದು. ನೀರು ಬಳಸದೆ, ದಿನವಿಡೀ ಸ್ವಿಚ್ ಹಾಕಿಟ್ಟು ಮೀಟರ್ ನೋಡಿದೆ. ಹೊಸದು ಇಪ್ಪತ್ತನಾಲ್ಕು ಗಂಟೆಗೆ ಮುಕ್ಕಾಲು ಯೂನಿಟ್ಟಿನಷ್ಟು ತಿಂದಿತು. ಹಳೆಯದು ಸೋರುವುದಕ್ಕೆ ಮೊದಲು ಇದರ ಎರಡರಷ್ಟರ ಹತ್ತಿರ ತಿನ್ನುತ್ತಿತ್ತೆಂದು ನೆನಪು. ಬಿಸಿನೀರಿನ ಪೈಪಿನ ಮೊದಲ ಒಂದು ಮೀಟರಿಗೆ ಫೋಮ್ ಕವಚ ತೊಡಿಸಿದ್ದರಿಂದ ಮೀಟರಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ, ಆದರೂ ತೆಗೆದಿಲ್ಲ.

ಗ್ಯಾಸ್ ಗೀಸರಿಗೆ ಮಾತ್ರ ಈ ಬರಹದ ಯಾವ ಮಾತೂ ಅನ್ವಯಿಸುವುದಿಲ್ಲ. ಅಲ್ಲಿ ಹೊಗೆಯ ದಾರಿ ಕೆಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬುತ್ತದೆ. ಎಷ್ಟೇ ಕೂಲಿ ಕೇಳಿದರೂ ಪರವಾನಗಿಯುಳ್ಳವರನ್ನೇ ಕರೆಯಬೇಕು. ಗೋಡೆಯೊಳಗಿನ ಪೈಪು ಈಗಾಗಲೇ ಸೋರುತ್ತಿದ್ದರೂ ಅಷ್ಟೇ, ಅದು ಪ್ಲಂಬರರ ಕೆಲಸ. ನನ್ನ ಗೀಸರಿನ ಆನೋಡ್ ರಾಡನ್ನು ಮುಂದಿನ ವರ್ಷ ಹೊರತೆಗೆದು ನೋಡುವವನಿದ್ದೇನೆ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಲು ಹೊಸದೊಂದನ್ನು ಈಗಲೇ ತಂದಿಟ್ಟಿದ್ದೇನೆ.